ಪೈಲ್ವಾನರ ತೂಕ ಕೇಳದೆ ಕಾರು ಮೆತ್ತಗೆ ಮಾಡಿದ್ದು

ಆ ಕೆಂಪು ಕಾರು ಗ್ಯಾರೇಜಿನ ಮುಂದೆ ನಿಂತಾಗ ಅದರಿಂದ ಮೊದಲು ಹೊರಬಂದದ್ದು ಬೈಗುಳ, ಆಮೇಲೆ ಕಾಕೂ. ಒಂದು ಕೈ ಸೊಂಟಕ್ಕೆ, ಇನ್ನೊಂದು ಕೈ ಬಾಗಿಲಿಗೆ ಆನಿಸಿ ನಿಂತು, "ಇದು ಗಾಡಿ ಅಲ್ಲೋ ತಮ್ಮಾ, ಒಳಕಲ್ಲು. ನನ್ನ ಒಳಗ ಹಾಕಿ ಕುಟ್ಟಿಕೋತ ಬಂದಾರ ನೋಡು ಇವ್ರು" ಎಂದರು. 'ಇವ್ರು' ಅಂದರೆ ಅವರ ಯಜಮಾನರು, ಪೈಲ್ವಾನರು. ಅವರು ಇನ್ನೂ ಇಳಿಯುತ್ತಲೇ ಇದ್ದರು. ಅಷ್ಟು ತಗ್ಗಿನ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿನಿಂದ ಅಷ್ಟು ದೊಡ್ಡ ಮನುಷ್ಯ ಇಳಿಯುವುದು ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಮೊದಲು ಬಲಗಾಲು ಬಂತು, ಆಮೇಲೆ ತಲೆ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಕೊನೆಗೆ ಉಳಿದದ್ದೆಲ್ಲ ಒಟ್ಟಿಗೆ ಬಂತು.

ಹಳಿಯಾಳದಲ್ಲಿ ಪೈಲ್ವಾನರು ಬೇಕಾದಷ್ಟಿದ್ದಾರೆ. ಆದರೆ ಹೆಸರು ಹೇಳದೆ ಬರೀ 'ಪೈಲ್ವಾನ್ರು' ಅಂದರೆ ಇವರೊಬ್ಬರೇ. ಕುಸ್ತಿಯ ಮೇಲೆ ರೈಲ್ವೆಯಲ್ಲಿ ನೌಕರಿ ಸಿಕ್ಕಿ, ಹುಬ್ಬಳ್ಳಿಯಲ್ಲಿ ನಿವೃತ್ತರಾಗಿ, ಈಗ ದಿನಾ ಬೆಳಿಗ್ಗೆ ಗರಡಿಮನೆಯಲ್ಲಿ ಹೊಸಬರಿಗೆ ಪಟ್ಟು ಹೇಳಿಕೊಡುತ್ತಾರೆ. ಕಾಕೂ ಅವರ ಹೆಂಡತಿ, ಊರಿಗೆಲ್ಲ ಕಾಕೂ, ಅಂದರೆ ಚಿಕ್ಕಮ್ಮ. ನನ್ನ ಗ್ಯಾರೇಜು ದಾಂಡೇಲಿ ರಸ್ತೆಗೆ ಇದೆ. ಜೀಪು, ಪಿಕಪ್ಪು, ರೆಸಾರ್ಟಿನವರ ಸಫಾರಿ ಗಾಡಿ, ಕಬ್ಬು ಹೊರುವ ಟ್ರೇಲರು, ಇವೇ ನನ್ನ ನಿತ್ಯದ ಗಿರಾಕಿಗಳು. ನಾವು ಸಿದ್ದಿಗಳು, ನಮ್ಮ ಹಿರಿಯರು ಎಂದೋ ಆಫ್ರಿಕಾದ ಕಡೆಯಿಂದ ಬಂದವರು. ಹೊರಗಿನಿಂದ ಬಂದವರು ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ಮಾತು ಶುರು ಮಾಡುತ್ತಾರೆ. ನಾನು ಗಾಡಿಯ ಕೆಳಗಿನಿಂದ ನಮ್ಮ ಕಡೆಯ ಕನ್ನಡದಲ್ಲಿ ನಾಲ್ಕು ಮಾತು ಬೈದ ಮೇಲೆ ಅವರಿಗೂ ನನಗೂ ಸರಾಗವಾಗುತ್ತದೆ. ಸಿಟ್ಟು ನನಗೆ ಬೇಗ ಬರುತ್ತದೆ. ಬೇಗ ಹೋಗುತ್ತದೆ ಎಂದೂ ಹೆಂಡತಿ ಹೇಳುತ್ತಾಳೆ, ಆದರೆ ಅದನ್ನು ಅವಳು ಹೇಳುವುದು ಸಿಟ್ಟು ಹೋದ ಮೇಲೆ.

ಕಾಕೂ ಒಳಗೆ ಕುರ್ಚಿ ಹಿಡಿದು ಕೂತರು. ಪೈಲ್ವಾನರು ನನ್ನನ್ನು ಕಂಪ್ರೆಸರಿನ ಹಿಂದೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು. ಅವರ ತಗ್ಗಿಸಿದ ದನಿ ರಸ್ತೆಯಾಚೆಯ ಚಹಾದಂಗಡಿಗೂ ಕೇಳುತ್ತದೆ.

"ಕೇಳಿಲ್ಲಿ ಮಿಸ್ತ್ರಿ. ಕೊಲ್ಹಾಪುರ, ಸಾಂಗಲಿ, ದಾವಣಗೇರಿ ಅಂತ ಜನ್ಮ ಪೂರ್ತಿ ನಾ ಒಬ್ಬನ ತಿರುಗಿದೆ. ಇಕೀನ ಎಲ್ಲಿಗೂ ಜೋಡಿ ಕರ್ಕೊಂಡು ಹೋಗಲಿಲ್ಲ. ಇನ್ನರ ಬಾಜೂಕ ಕುಂಡ್ರಿಸ್ಕೊಂಡು ತಿರುಗೂಣು ಅಂತ ಗೋವಾದಿಂದ ಈ ಗಾಡಿ ತಂದೇನಿ. ಚಿಗಳ್ಳಿಗೆ, ಇಕಿ ತವರಮನಿಗೆ, ಒಮ್ಮೆ ಹೋಗಿ ಬಂದ್ವಿ ನೋಡು, ಇನ್ನ ಜನ್ಮದಾಗ ಕುಂದ್ರಂಗಿಲ್ಲ ಅಂತ ಹಟಾ ಹಿಡದಾಳ."

"ಬ್ಯಾರೆ ಗಾಡಿ ತಗೋಬಾರದೇನ್ರಿ?"

"ಇದ ಬೇಕು ನನಗ. ದಾಂಡೇಲಿ ರೆಸಾರ್ಟಿನವರು ಕೇಳ್ಯಾರ, ದಸರಾ ಆದಮ್ಯಾಲ ನೋಡಾಕ ಬರ್ತಾರ. ಅಷ್ಟರೊಳಗ ಇದು ಇಕಿಗೆ ಒಗ್ಗಿದ್ರ ಇಟ್ಕೋತೇನಿ. ಒಗ್ಗಲಿಲ್ಲಂದ್ರ ಕೊಟ್ಟ ಬಿಡ್ತೇನಿ. ಒಬ್ಬನ ಕುಂತು ತಿರುಗೂದಾದ್ರ ನನಗ್ಯಾಕ ಬೇಕು ಕಾರು?"

ಆ ಮಾತು ಹೇಳುವಾಗ ಅವರು ಕಾರಿನ ಕಡೆ ನೋಡಲಿಲ್ಲ, ಕಾಕೂ ಕೂತ ಕಡೆ ನೋಡುತ್ತಿದ್ದರು. ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಸ್ಪೋರ್ಟ್ಸ್ ಕಾರಿನ ಕೆಲಸ ಅದೇ ಮೊದಲು ಎಂಬುದನ್ನೂ ಹೇಳಲಿಲ್ಲ.

ಕಾರನ್ನು ಎತ್ತಿ ಚಕ್ರ ಬಿಚ್ಚಿ ನೋಡಿದೆ. ಕಂಪನಿ ಕೊಟ್ಟ ಶಾಕ್ ಅಬ್ಸಾರ್ಬರು, ಸ್ಪ್ರಿಂಗು ಒಂದೂ ಉಳಿದಿರಲಿಲ್ಲ. ಹಿಂದಿನ ಮಾಲೀಕ ರೇಸಿನ ಹುಚ್ಚಿಗೆ ಅವನ್ನೆಲ್ಲ ಕಿತ್ತು ಹೊರಗಿನ ಸೆಟ್ಟು ಹಾಕಿಸಿದ್ದ. ಇದರಲ್ಲಿ ಸ್ಪ್ರಿಂಗಿನ ನಡುವೆಯೇ ಶಾಕ್ ಅಬ್ಸಾರ್ಬರ್ ಕೂತಿರುತ್ತದೆ. ಅದರ ಮೈಮೇಲಿನ ಥ್ರೆಡ್ಡಿನಲ್ಲಿ ಒಂದು ದಪ್ಪ ರಿಂಗು. ಅದನ್ನು ತಿರುವಿದರೆ ಗಾಡಿ ಏಳುತ್ತದೆ, ಇಲ್ಲವೇ ಇಳಿಯುತ್ತದೆ. ತುದಿಯಲ್ಲಿ ಒಂದು ಗುಂಡಿ. ಅದನ್ನು ತಿರುವಿದರೆ ಶಾಕ್ ಅಬ್ಸಾರ್ಬರ್ ಬಿಗಿಯಾಗುತ್ತದೆ, ಇಲ್ಲವೇ ಸಡಿಲಾಗುತ್ತದೆ. ಆ ಪುಣ್ಯಾತ್ಮ ರಿಂಗುಗಳನ್ನು ತಳದವರೆಗೆ ಇಳಿಸಿ, ಗುಂಡಿಗಳನ್ನು ಕೊನೆಯವರೆಗೆ ಬಿಗಿದಿದ್ದ. ಮುಂದಿನ ಸ್ಪ್ರಿಂಗಿನ ಮೇಲೆ 'ಹತ್ತು' ಎಂದು ಬರೆದಿತ್ತು. ಅಂದರೆ ಅದು ಒಂದೇ ಒಂದು ಮಿಲಿಮೀಟರ್ ಕುಗ್ಗಬೇಕಾದರೆ ಅದರ ಮೇಲೆ ಹತ್ತು ಕಿಲೋ ಹೇರಬೇಕು. ಗಾಜಿನಂಥ ರೇಸ್ ಟ್ರ್ಯಾಕಿಗೆ ಅದು ಸರಿ. ಚಿಗಳ್ಳಿಗೆ ಹೋಗುವ ಮುಂಡಗೋಡದ ಕಡೆಯ ರಸ್ತೆ ಗಾಜಿನಂತೆ ಇದ್ದದ್ದನ್ನು ನಾನಂತೂ ನೋಡಿಲ್ಲ.

ಮೊದಲು ಕೈಯಲ್ಲೇ ಆಗುವುದನ್ನು ಮಾಡಿದೆ. ಟೈರಿಗೆ ಯಾರೋ ಕಲ್ಲಾಗುವಷ್ಟು ಗಾಳಿ ತುಂಬಿದ್ದರು, ಅದನ್ನು ಬಾಗಿಲ ಅಂಚಿನ ಚೀಟಿಯಲ್ಲಿ ಬರೆದಷ್ಟಕ್ಕೆ ಇಳಿಸಿದೆ. ಗುಂಡಿಗಳನ್ನು ಅರ್ಧಕ್ಕೂ ಹೆಚ್ಚು ಸಡಿಲಿಸಿದೆ. ಸಣ್ಣಪುಟ್ಟ ಕಲ್ಲುಗಳ ಕಟಕಟ ಕಡಿಮೆಯಾಯಿತು. ಆದರೆ ಅಷ್ಟು ಬಿರುಸಿನ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದರ ಹಿಡಿತವನ್ನೇ ನಾನು ಸಡಿಲಿಸಿಬಿಟ್ಟಿದ್ದೆ. ಒಂದು ಹಂಪ್ ಹಾರಿದರೆ ಗಾಡಿ ಆಮೇಲೂ ಮೂರು ನಾಲ್ಕು ಸಲ ಮೇಲೆ ಕೆಳಗೆ ಆಡುತ್ತಿತ್ತು. ಒಲ್ಲೆ ಒಲ್ಲೆ ಎನ್ನುತ್ತಲೇ ಕಾಕೂ ಪೈಲ್ವಾನರ ಜೊತೆ ಬಸ್ ಡಿಪೋವರೆಗೆ ಹೋಗಿ ಬಂದು, "ಮೊದ್ಲ ಕುಟ್ಟತಿತ್ತು, ಈಗ ಕುಣಸ್ತೈತಿ" ಎಂದು ತೀರ್ಪು ಕೊಟ್ಟರು.

ಹಾಗಾದರೆ ಸ್ಪ್ರಿಂಗೇ ಬದಲಾಗಬೇಕು. ಪುಣೆಯಲ್ಲಿ ಇಂಥ ಸಾಮಾನು ಮಾರುವ ಅಂಗಡಿ ಹುಡುಕಿ ಫೋನು ಮಾಡಿದೆ. ಎತ್ತಿಕೊಂಡ ಹೆಂಗಸು ಬಹಳ ಚುರುಕು. ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಗಾಡಿ ಯಾವುದು, ರಸ್ತೆ ಎಂಥದು, ಎಷ್ಟು ಎತ್ತರಕ್ಕೆ ಇಟ್ಟಿದ್ದೀರಿ ಎಂದು ಒಂದೊಂದಾಗಿ ಕೇಳಿ, ಕೊನೆಗೆ ಡ್ರೈವರಿನ ತೂಕ ಎಷ್ಟು ಎಂದಳು.

ಪೈಲ್ವಾನರ ತೂಕ ಯಾರೂ ಕೇಳುವುದಿಲ್ಲ. ಕುಸ್ತಿಯ ದಿನ ಜೋಡಿ ಕಟ್ಟುವ ಪಂಚರು ನೋಡಿದರೆ ಅದು ಬೇರೆ. ಮಿಕ್ಕವರು ಅವರ ತೂಕ, ತಿಂದ ರೊಟ್ಟಿ, ಕುಡಿದ ಹಾಲು ಎಷ್ಟೆಂದು ಬಾಯಿಬಿಟ್ಟು ಕೇಳಿದರೆ ಕಣ್ಣು ತಾಗುತ್ತದೆ ಎಂದು ಇವರ ಗುರು ಕಲಿಸಿದ್ದರಂತೆ. ಕುಸ್ತಿ ಬಿಟ್ಟರೂ ಅವರು ಅದನ್ನು ಬಿಟ್ಟಿರಲಿಲ್ಲ. ಯಾವನೋ ನೆಂಟ ಬಂದು "ಮೈ ಭಾಳ ಬಂದೈತಲ್ರಿ" ಎಂದು ನಕ್ಕು ಹೋದರೆ, ಅವನು ಓಣಿ ದಾಟುವುದರೊಳಗೆ ಕಾಕೂ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆಯುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇದೆಯೋ ಇಲ್ಲವೋ ಆ ಮಾತು ಬೇರೆ. ಅಷ್ಟು ಹಿರಿಯರ ಮುಂದೆ ನಿಂತು ಕೇಳುವ ಎದೆ ನನಗಿರಲಿಲ್ಲ. "ಎಪ್ಪತ್ತೈದು" ಎಂದುಬಿಟ್ಟೆ. ಪುಣೆಯವಳು ಮುಂದೆ ಐದು, ಹಿಂದೆ ನಾಲ್ಕರ ಸ್ಪ್ರಿಂಗು ಕಳಿಸಿದಳು.

ಅವನ್ನು ಹಾಕಿ ನಾನೊಬ್ಬನೇ ದಾಂಡೇಲಿ ದಾಟಿ ಜೋಯಿಡಾ ಕಡೆ ಹೊರಟೆ. ಹೇಳಬಾರದು, ಆದರೂ ಹೇಳುತ್ತೇನೆ, ಅಂಥ ಸುಖ ನನಗೆ ಯಾವ ಗಾಡಿಯಲ್ಲೂ ಸಿಕ್ಕಿರಲಿಲ್ಲ. ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡು ಹೋಗುತ್ತಿತ್ತು, ಗುಂಡಿಗೆ ಬಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸೂಪಾ ಡ್ಯಾಮಿನ ಹತ್ತಿರ ನಿಲ್ಲಿಸಿ ಚಹಾ ಕುಡಿದೆ. ಪಕ್ಕದಲ್ಲಿ ನಿಂತ ಪ್ರವಾಸಿಗನೊಬ್ಬ ಗಾಡಿ ನಿಮ್ಮದಾ ಅಂದಾಗ ಇಲ್ಲ ಅನ್ನಲು ಸ್ವಲ್ಪ ತಡ ಮಾಡಿದೆ. ಆ ಖುಷಿಯಲ್ಲೇ ಬಂದು ಪೈಲ್ವಾನರಿಗೆ ಕೀಲಿ ಕೊಟ್ಟೆ.

ಅವರು ಕಾಕೂ ಅವರನ್ನು ಕೂಡಿಸಿಕೊಂಡು ಚಿಗಳ್ಳಿಗೆ ಹೋಗಿ ಬಂದರು. ಈ ಸಲ ಕಾಕೂ ಬೈಯಲಿಲ್ಲ. ಅದು ನೋಡಿ ನನಗೆ ಹೆದರಿಕೆಯಾಯಿತು. ಮೆಲ್ಲಗೆ ಇಳಿದು, ಸೊಂಟ ಹಿಡಿದುಕೊಂಡು, ನನ್ನ ಕಡೆ ನೋಡದೆ ರಿಕ್ಷಾ ಹತ್ತಿ ಮನೆಗೆ ಹೋದರು.

"ಏನಾತ್ರಿ?" ಎಂದೆ.

"ಮೊದಲಿಗಿಂತ ಕೆಟ್ಟಾಗೇತಿ" ಎಂದರು ಪೈಲ್ವಾನರು. "ಸಪಾಟ ರಸ್ತೇದಾಗ ಛಲೋ ಐತಿ. ಹಂಪ್ ಬಂತೋ, ಢಪ್ ಅಂತ ಕೆಳಗಿಂದ ಒದ್ದಂಗ ಆಗ್ತೈತಿ. ಇಕಿ ಬೆನ್ನಿಗೆ ಹತ್ತೇತಿ."

ನಾನು ಆ ರಸ್ತೆಗಿಂತ ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದಿದ್ದೆ. ಸಿಟ್ಟು ಬಂತು. "ಹಂಪ್ ನೋಡಿ ನಿಧಾನ ಹೊಡೀಬೇಕ್ರಿ ಪೈಲ್ವಾನ್ರ. ಇದೇನು ರೈಲ್ ಎಂಜಿನ್ ಅಲ್ಲ" ಎಂದೆ. ಅವರು ಹೋದ ಮೇಲೆ ಅದೇ ಕಾರು ತೆಗೆದುಕೊಂಡು, ಅವರು ಹೇಳಿದ ಅದೇ ಹಂಪಿನ ಮೇಲೆ ನಾಲ್ಕು ಸಲ ಹಾರಿಸಿದೆ. ಢಪ್ ಅನ್ನಲಿಲ್ಲ, ಏನೂ ಅನ್ನಲಿಲ್ಲ.

ಗಾಡಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳುತ್ತಿದ್ದರೆ ನಡುವೆ ಒಬ್ಬ ಸಾಕ್ಷಿ ಬೇಕು. ಶಾಕ್ ಅಬ್ಸಾರ್ಬರಿನ ಒಳಗೆ ಹೊರಗೆ ಆಡುವ ಹೊಳೆಯುವ ದಂಡಿಗೆ ವೈರು ಕಟ್ಟುವ ಸಣ್ಣ ಪ್ಲಾಸ್ಟಿಕ್ ಪಟ್ಟಿ ಬಿಗಿದೆ. ದಂಡಿ ಎಷ್ಟು ಒಳಗೆ ಹೋಯಿತೋ ಅಷ್ಟು ದೂರ ಆ ಪಟ್ಟಿ ಸರಿದು ಅಲ್ಲೇ ನಿಲ್ಲುತ್ತದೆ. ನಾಲ್ಕೂ ಚಕ್ರಕ್ಕೆ ಹೀಗೆ ಮಾಡಿ ನಾನು ತೇರಗಾಂವದವರೆಗೆ ಓಡಿಸಿ ಬಂದೆ. ಪಟ್ಟಿಗಳು ಅರ್ಧ ದಾರಿಯಲ್ಲಿ ನಿಂತಿದ್ದವು. ಅವನ್ನು ಮೊದಲಿನ ಜಾಗಕ್ಕೆ ತಳ್ಳಿ, ಪೈಲ್ವಾನರ ಮನೆಗೆ ಹೋಗಿ ಕಾಕೂಗೆ ಕೈಮುಗಿದೆ.

"ಒಂದ ಸಲ ಕುಂದರ್ರಿ ಕಾಕೂ. ತೇರಗಾಂವತನ ಹೋಗಿ ಬಂದ್ರ ಸಾಕು."

"ಮಂದಿ ಗಾಡಿ ರಿಪೇರಿ ಮಾಡಸ್ತಾರ, ನೀ ನನ್ನ ಬೆನ್ನ ರಿಪೇರಿಗೆ ಕಳಸ್ತಿ" ಎಂದರು. ಆದರೂ ಹೊದ್ದುಕೊಳ್ಳುವ ದುಪ್ಪಟಿ ಮಡಿಸಿ ಬೆನ್ನಿಗಿಟ್ಟುಕೊಂಡು ಕೂತರು. "ಇದ ಕಡೀಸಲ ನೋಡು."

ಪೈಲ್ವಾನರೇ ಓಡಿಸಿಕೊಂಡು ಇಬ್ಬರೂ ತಿರುಗಿ ಬಂದ ಮೇಲೆ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಬಲಗಡೆಯ ಎರಡೂ ಪಟ್ಟಿಗಳು ದಂಡಿಯ ತುದಿಯ ರಬ್ಬರಿಗೆ ಹೋಗಿ ಅಪ್ಪಳಿಸಿ ಚಪ್ಪಟೆಯಾಗಿದ್ದವು. ಡ್ರೈವರಿನ ಕಡೆ ಸ್ಪ್ರಿಂಗು ಪೂರಾ ಕುಗ್ಗಿ, ಆಡಲು ಜಾಗವಿಲ್ಲದೆ, ಗಾಡಿ ನೇರವಾಗಿ ರಬ್ಬರಿನ ಮೇಲೆ ಬೀಳುತ್ತಿತ್ತು. ಪೈಲ್ವಾನರು ನಿಧಾನ ಹೊಡೆದರೂ ಅಷ್ಟೇ, ಜೋರು ಹೊಡೆದರೂ ಅಷ್ಟೇ. ಸುಮ್ಮನೆ ಬೈದಿದ್ದೆ ಅವರಿಗೆ. ಮೆತ್ತಗಿದ್ದರೆ ಸುಖ ಎಂದು ನಾನು ಲೆಕ್ಕ ಹಾಕಿದ್ದೆ, ಮೆತ್ತಗಿದ್ದದ್ದು ನನ್ನಂಥ ಸಣಕಲನಿಗೆ ಸುಖ ಕೊಟ್ಟಿತ್ತು. ಒಳಗೆ ಕೂರುವವರು ಯಾರು ಎಂಬುದನ್ನೇ ಬಿಟ್ಟು ನಾನು ಸ್ಪ್ರಿಂಗು ತರಿಸಿದ್ದೆ.

ಪುಣೆಗೆ ಮತ್ತೆ ಫೋನು ಹಚ್ಚಿದೆ. ಅವಳು, "ನಿಮ್ಮ ಎಪ್ಪತ್ತೈದು ಬೇಡ. ನಿಜವಾದ ತೂಕ ಹೇಳಿ, ಇಲ್ಲವೆಂದರೆ ನನಗೆ ಫೋನು ಮಾಡಬೇಡಿ" ಎಂದು ಇಟ್ಟೇಬಿಟ್ಟಳು. ಅವಳಿಗೂ ಸಿಟ್ಟು ಬೇಗ ಬರುತ್ತದೆ ಎಂದು ತಿಳಿದು ಸ್ವಲ್ಪ ಗೌರವ ಬಂತು.

ಅಂದಾಜಿನ ಮೇಲೆ ಇನ್ನೊಂದು ಸೆಟ್ಟು ತರಿಸಬಹುದಿತ್ತು. ಅದೂ ತಪ್ಪಿದರೆ ದಸರಾ ಮುಗಿದುಹೋಗುತ್ತಿತ್ತು, ಕಾಕೂ ಮತ್ತೆ ಕೂರುವ ಮಾತೂ ಮುಗಿಯುತ್ತಿತ್ತು. ಜೀಪಿನ ಸ್ಪ್ರಿಂಗಿನ ಪಾಟಾ ಬಡಿಯುತ್ತ ಬಡಿಯುತ್ತ ಯೋಚಿಸಿದೆ. ಪುಣೆಯವಳಿಗೆ ಬೇಕಾದದ್ದು ಪೈಲ್ವಾನರ ತೂಕವೇ? ಒಂದೊಂದು ಚಕ್ರದ ಮೇಲೆ ಬೀಳುವ ಭಾರ ಗೊತ್ತಾದರೆ ಸಾಕಲ್ಲ. ಆ ಭಾರದಲ್ಲಿ ಗಾಡಿ ಎಷ್ಟು, ಮನುಷ್ಯ ಎಷ್ಟು ಎಂದು ಸ್ಪ್ರಿಂಗು ಕೇಳುವುದಿಲ್ಲ. ಸುತ್ತಿಗೆ ಅಲ್ಲೇ ಬಿಟ್ಟು ಪೈಲ್ವಾನರ ಮನೆಗೆ ಹೋದೆ.

"ಗಾಡಿ ತೂಗೂಣ್ರಿ" ಎಂದೆ. "ನೀವಿಬ್ರೂ ಒಳಗ ಕುಂತಿರ್ಬೇಕು. ನಾಕೂ ಗಾಲಿ ಕೆಳಗ ಒಂದೊಂದು ಕಾಟಾ. ಖಾಲಿ ಗಾಡಿ ಮಾತ್ರ ತೂಗೂದಿಲ್ಲ. ಖಾಲಿದು ತೂಗಲಿಲ್ಲಂದ್ರ ಕಳದು ನೋಡಾಕ ಯಾರಿಗೂ ಆಗೂದಿಲ್ಲ."

ಪೈಲ್ವಾನರು ಮೀಸೆ ತಿರುವುತ್ತ ಅಡುಗೆಮನೆಯ ಕಡೆ ನೋಡಿದರು. ಕೇಳಬಾರದ್ದನ್ನು ಕೇಳಿಬಿಟ್ಟೆನೇನೋ ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಅಡುಗೆಮನೆಯಿಂದ ಕಾಕೂ ಹೇಳಿದರು:

"ನಾನೂ ಒಳಗ ಇರ್ತೇನಲ್ಲ. ಇಬ್ಬರದೂ ಕೂಡೇ ಬರ್ತೈತಿ. ಯಾರದ ಎಷ್ಟಂತ ಆ ದೇವರಿಗೂ ತಿಳಿಯಂಗಿಲ್ಲ. ಹೋಗೂಣು ನಡೀರಿ."

ಊರಿನಲ್ಲಿ ಗೋವಿನಜೋಳದ ವ್ಯಾಪಾರ ಮಾಡುವ ಸಾವುಕಾರರೊಬ್ಬರು ನನಗೆ ಪರಿಚಯ. ಅವರ ಪಿಕಪ್ ನನ್ನ ಕೈಯಲ್ಲೇ ನಡೆಯುತ್ತದೆ. ಚೀಲ ತೂಗುವ ಕರೆಂಟಿನ ಕಾಟಾಗಳು ಅವರಲ್ಲಿ ಎರಡಿದ್ದವು, ಪಕ್ಕದಂಗಡಿಯಿಂದ ಇನ್ನೆರಡು ತರಿಸಿಕೊಟ್ಟರು. ಗೋದಾಮಿನ ಸಿಮೆಂಟ್ ನೆಲ ಸಪಾಟಾಗಿತ್ತು. ಆದರೂ ನಂಬದೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗೌಂಡಿಗಳು ಮಟ್ಟ ನೋಡುವ ಹಾಗೆ, ನಾಲ್ಕೂ ಕಾಟಾಗಳ ಮಟ್ಟ ನೋಡಿದೆ. ಒಂದು ಸ್ವಲ್ಪ ತಗ್ಗಿತ್ತು, ಅದರ ಕೆಳಗೆ ತಗಡಿನ ತುಂಡು ಕೊಟ್ಟೆ. ಒಂದು ಕಾಟಾ ಬೆರಳಿನಷ್ಟು ತಗ್ಗಿದ್ದರೂ ಭಾರ ಮೂಲೆಯಿಂದ ಮೂಲೆಗೆ ಓಡಿ ಲೆಕ್ಕ ಕೆಡುತ್ತದೆ. ಹಲಗೆಯ ಮೇಲೆ ಮೆಲ್ಲಗೆ ಗಾಡಿ ಹತ್ತಿಸಿ, ಬ್ರೇಕ್ ಬಿಟ್ಟು, ಗಾಲಿಗೆ ಅಡ್ಡ ಕಟ್ಟಿಗೆ ಕೊಟ್ಟೆ. ಪೈಲ್ವಾನರು ತಮ್ಮ ಪದ್ಧತಿಯಂತೆ ಕಂತು ಕಂತಾಗಿ ಒಳಗೆ ಹೋದರು. ಕಾಕೂ ಹೋಗಿ ಸೆರಗು ಸರಿ ಮಾಡಿಕೊಂಡು ಕೂತರು. ಹಮಾಲರೆಲ್ಲ ಚೀಲ ಬಿಟ್ಟು ಸುತ್ತ ನಿಂತರು.

ನಾಲ್ಕು ಕಾಟಾದಲ್ಲಿ ನಾಲ್ಕು ಅಂಕಿ ಬಂದವು. ಬಲಗಡೆ ಎರಡೂ ಜಾಸ್ತಿ, ಅದು ನಿರೀಕ್ಷಿಸಿದ್ದೇ. ನಾನು ನಿರೀಕ್ಷಿಸದೆ ಇದ್ದದ್ದು ಎಡ ಮುಂದಿನ ಚಕ್ರ. ಅದು ಕೈಲಿ ಎತ್ತುವಷ್ಟು ಹಗುರಾಗಿತ್ತು. ಗಾಡಿ ಕುಂಟುತ್ತ ಹೋಗುವ ದನದ ಹಾಗೆ ಮೂರು ಕಾಲಿನ ಮೇಲೆ ನಡೆಯುತ್ತಿತ್ತು, ಕಾಕೂ ಕೂತದ್ದು ಆ ನಾಲ್ಕನೆಯ ಕಾಲಿನ ಮೇಲೆ. ಬಲಗಡೆ ಬಿದ್ದ ಪ್ರತಿ ಏಟಿಗೆ ಎಡಗಡೆ ಎದ್ದು ಅವರ ಬೆನ್ನಿಗೆ ಹೊಡೆಯುತ್ತಿತ್ತು.

"ಖಾಲಿ ಗಾಡಿ ಒಮ್ಮೆ ತೂಗೂಣಲ್ಲ ಮಿಸ್ತ್ರಿ? ಹೆಂಗೂ ಕಾಟಾ ಹಚ್ಚೇವಿ" ಎಂದರು ಸಾವುಕಾರರು, ಕಣ್ಣಲ್ಲೇ ನಗುತ್ತ.

"ಸಾವ್ಕಾರ್ರ, ನೀವು ನಿಮ್ಮ ಚೀಲ ತೂಗ್ರಿ" ಎಂದರು ಕಾಕೂ ಒಳಗಿನಿಂದ.

"ಆರ್‌ಸಿ ಕಾರ್ಡಿನಾಗ ಖಾಲಿ ತೂಕ ಬರದಿರ್ತೈತಿ ಬಿಡ್ರಿ" ಎಂದರು ಸಾವುಕಾರರು.

ಕಾಕೂ ಎದುರಿನ ಖಾನೆ ತೆಗೆದು, ಆ ಕಾರ್ಡು ಹುಡುಕಿ ತಮ್ಮ ಪರ್ಸಿಗೆ ಹಾಕಿಕೊಂಡರು. ಹಮಾಲರು ಬಿದ್ದು ಬಿದ್ದು ನಕ್ಕರು, ಪೈಲ್ವಾನರೂ ನಕ್ಕರು, ಅವರು ನಕ್ಕಾಗ ನಾಲ್ಕೂ ಕಾಟಾಗಳ ಅಂಕಿ ಕುಣಿದವು. ಅಂಥ ಗಾಡಿ ಖಾಲಿ ಎಷ್ಟು ತೂಗುತ್ತದೆ ಎಂದು ನನಗೆ ಹೆಚ್ಚುಕಡಿಮೆ ಗೊತ್ತಿತ್ತು. ನಾನು ಕಳೆಯಲಿಲ್ಲ. ಇವತ್ತಿನವರೆಗೂ ಕಳೆದಿಲ್ಲ.

ಅಂಕಿಗಳನ್ನು ಗೋದಾಮಿನಿಂದಲೇ ಪುಣೆಗೆ ಕಳಿಸಿದೆ. ಈ ಸಲ ಅವಳು ಬೈಯಲಿಲ್ಲ. ಮುಂದೆ ಎರಡೂ ಕಡೆ ಏಳು, ಹಿಂದೆ ಬಲಕ್ಕೆ ಆರು, ಎಡಕ್ಕೆ ಐದು ಎಂದಳು. ಜೊತೆಗೆ ಗಾಡಿಯನ್ನು ಎರಡು ಬೆರಳು ಎತ್ತರಿಸಿ, ಸ್ಪ್ರಿಂಗಿಗೆ ಆಡಲು ಜಾಗ ಬೇಕು ಎಂದಳು. ಅದು ನನಗೂ ಅನಿಸಿತ್ತು. ಹೇಳುವ ಧೈರ್ಯ ಇರಲಿಲ್ಲ, ಯಾಕೆಂದರೆ ಪೈಲ್ವಾನರಿಗೆ ಆ ಗಾಡಿಯ ಮೇಲೆ ಜೀವ ಬಂದದ್ದೇ ಅದರ ತಗ್ಗಿನಿಂದ. ಅಖಾಡದಲ್ಲಿ ಬಗ್ಗಿ ನಿಂತ ಜಟ್ಟಿಯಂತೆ ಕಾಣುತ್ತದೆ ಎಂದು ಎಷ್ಟೋ ಸಲ ಹೇಳಿದ್ದರು.

"ಪೈಲ್ವಾನ್ರ, ಎರಡು ಬಟ್ಟು ಎತ್ತಬೇಕಾಗ್ತೈತಿ. ನೋಡಾಕ ಮೊದಲಿನಂಗ ಇರೂದಿಲ್ಲ" ಎಂದೆ.

ಅವರು ಎದ್ದು ಗೋದಾಮಿನ ನಡುವೆ ನಿಂತು, ಕಾಲು ಅಗಲಿಸಿ, ಕುಸ್ತಿಗೆ ನಿಲ್ಲುವ ಹಾಗೆ ನಿಂತು ತೋರಿಸಿದರು. ಆ ವಯಸ್ಸಿನಲ್ಲೂ ಆ ಮೈ ಹಾಗೆ ಇಳಿದು ನಿಂತದ್ದು ನೋಡಲು ಚೆಂದವಿತ್ತು. "ಪೂರಾ ಕುಂತಾಂವಗ ಎದ್ದು ಹಿಡಿಯಾಕ ಆಗೂದಿಲ್ಲ" ಎಂದರು. "ಮೊಣಕಾಲಾಗ ಇನ್ನಷ್ಟು ಬಗ್ಗಾಕ ಜಾಗಾ ಇಟ್ಕೊಂಡು ನಿಂದ್ರಬೇಕು. ಎತ್ತು, ಎತ್ತು."

ಹೊಸ ಸ್ಪ್ರಿಂಗು ಬಂದವು. ಹಾಕಿ, ಎತ್ತರ ಕೂಡಿಸಿ, ಮತ್ತೆ ಗೋದಾಮಿಗೆ ಒಯ್ದು ಇಬ್ಬರನ್ನೂ ಕೂರಿಸಿದೆ. ಎಡ ಮುಂದಿನ ರಿಂಗು ಅರ್ಧ ಸುತ್ತು ಏರಿಸಿದರೆ ಬಲ ಹಿಂದಿನದಕ್ಕೂ ಭಾರ ಹೋಗುತ್ತದೆ, ಬಲ ಮುಂದಿನದು ಹಗುರಾಗುತ್ತದೆ. ಮಂಚದ ಒಂದು ಕಾಲಿಗೆ ಚಕ್ಕೆ ಕೊಟ್ಟ ಹಾಗೆ. ತಿರುವುವುದು, ಗಾಡಿಯನ್ನು ಒಮ್ಮೆ ಕುಲುಕಿ ಕೂರಿಸುವುದು, ಅಂಕಿ ನೋಡುವುದು, ಮತ್ತೆ ತಿರುವುವುದು. ಮೂಲೆಗೆ ಮೂಲೆ ಸಮವಾಗುವ ಹೊತ್ತಿಗೆ ಹಮಾಲರೂ ಬೇಸತ್ತು ಕೆಲಸಕ್ಕೆ ಹೋಗಿದ್ದರು.

ಇನ್ನೊಂದು ಕೆಲಸ ಉಳಿದಿತ್ತು. ಚಕ್ರ ಹಿಡಿಯುವ ತೋಳುಗಳ ಬುಡದಲ್ಲಿ ರಬ್ಬರಿನ ಬುಶ್ ಇರುತ್ತದೆ. ಜೀಪಿನ ಅಭ್ಯಾಸದಲ್ಲಿ ನಾನು ಅವುಗಳ ಬೋಲ್ಟನ್ನು ಗಾಡಿ ಜಾಕಿನ ಮೇಲೆ ನೇತಾಡುವಾಗಲೇ ಬಿಗಿದಿದ್ದೆ. ಹಾಗೆ ಬಿಗಿದರೆ ಗಾಡಿ ಕೆಳಗಿಳಿದಾಗ ರಬ್ಬರು ತಿರುಚಿಕೊಂಡೇ ಕೂರುತ್ತದೆ, ಪ್ರತಿ ಗುಂಡಿಗೂ ಸೆಟೆಯುತ್ತದೆ. ಈಗ ಬೋಲ್ಟುಗಳನ್ನೆಲ್ಲ ಸಡಿಲಿಸಿ, ಭಾರ ಪೂರ್ತಿ ಚಕ್ರದ ಮೇಲಿರುವಾಗ, ಅವರಿಬ್ಬರೂ ಒಳಗೆ ಕೂತಿರುವಾಗಲೇ, ಕೆಳಗೆ ತೂರಿ ಒಂದೊಂದಾಗಿ ಬಿಗಿದೆ. ಪೈಲ್ವಾನರನ್ನು ತಲೆಯ ಮೇಲೆ ಇಟ್ಟುಕೊಂಡು ಮಲಗುವುದು ಧೈರ್ಯದ ಕೆಲಸ. ಅಡ್ಡಕ್ಕೆ ದಪ್ಪ ದಿಮ್ಮಿಗಳನ್ನು ಕೊಟ್ಟಿದ್ದೆ. ಮೇಲೆ ಇಬ್ಬರೂ ಮಾತಾಡುತ್ತಿದ್ದರು. ಸಾಂಗಲಿಯ ಕುಸ್ತಿಯೊಂದರ ಕಥೆಯನ್ನು ಪೈಲ್ವಾನರು ಮೊದಲಿನಿಂದ ಹೇಳುತ್ತಿದ್ದರು, ಕಾಕೂ "ಮುಂದ?" "ಮುಂದ?" ಎನ್ನುತ್ತಿದ್ದರು. ಅಷ್ಟು ಹೊತ್ತು ಇಬ್ಬರೇ ಅಕ್ಕಪಕ್ಕ ಕೂತು ಬೇರೆ ಕೆಲಸವಿಲ್ಲದೆ ಮಾತಾಡಿದ್ದು ಅವರಿಗೂ ಅಪರೂಪವೇ ಇರಬೇಕು. ಕೊನೆಯ ಬೋಲ್ಟು ಬಿಗಿದು ಮುಗಿದರೂ ಕಥೆ ಮುಗಿಯುವವರೆಗೆ ನಾನು ಕೆಳಗೇ ಮಲಗಿದ್ದೆ.

ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ಚಿಗಳ್ಳಿಗೆ ಹೊರಟರು. ಕಾಕೂ ಬೆನ್ನಿಗೆ ದುಪ್ಪಟಿ ತಂದಿದ್ದರು. ನಾನು ಜೀಪೊಂದರ ಕ್ಲಚ್ ಬಿಚ್ಚಿಕೊಂಡು ಕೂತೆ, ಆದರೆ ಕೈ ಓಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದಾಂಡೇಲಿಯ ರೆಸಾರ್ಟ್ ಮಾಲೀಕರೇ ಬಂದರು. ಪೈಲ್ವಾನರು ಇಲ್ಲಿಗೇ ಬರಲು ಹೇಳಿದ್ದರಂತೆ. ಮೆತ್ತನೆಯ ಮಾತಿನ ಒಳ್ಳೆಯ ಮನುಷ್ಯ. ಕಾರನ್ನು ರೆಸಾರ್ಟಿನ ಬಾಗಿಲಲ್ಲಿ ನಿಲ್ಲಿಸಿದರೆ ಹೇಗೆ ಕಾಣುತ್ತದೆ ಎಂದು ನನಗೆ ವಿವರಿಸಿದರು. ನಾನು ಹ್ಞೂಂಗುಟ್ಟುತ್ತಿದ್ದೆ. ಅವರ ಮೇಲೆ ನನಗೆ ಯಾವ ಕಾರಣವೂ ಇಲ್ಲದೆ ಸಿಟ್ಟು ಬರುತ್ತಿತ್ತು.

ಗಾಡಿ ಬಂತು. ರಸ್ತೆಯಿಂದ ಗ್ಯಾರೇಜಿಗೆ ಇಳಿಯುವ ಕಡೆ ಒಂದು ಒರಟು ಏರಿಳಿತ ಇದೆ, ಅದರ ಮೇಲೆ ಒಂದೇ ಸಲ ಬಗ್ಗಿ, ಒಂದೇ ಸಲ ಎದ್ದು ನಿಂತಿತು. ಕಾಕೂ ಇಳಿದರು. ಎರಡೂ ಕೈಯಲ್ಲಿ ಚೀಲಗಳಿದ್ದವು, ಸೊಂಟಕ್ಕೆ ಹೋಗಲು ಕೈಯೇ ಖಾಲಿ ಇರಲಿಲ್ಲ. ದುಪ್ಪಟಿ ಹಿಂದಿನ ಡಿಕ್ಕಿಯಲ್ಲಿ ಬಿದ್ದಿತ್ತು.

ಮಾಲೀಕರು ಕಾರಿನ ಸುತ್ತ ತಿರುಗಿ, ಬಾನೆಟ್ಟಿನ ಮೇಲೆ ಕೈಯಾಡಿಸಿ, "ಹೆಂಗ ಮಾಡೂಣ್ರಿ ಪೈಲ್ವಾನ್ರ?" ಎಂದರು.

ಪೈಲ್ವಾನರು ನನ್ನ ಕೈಯಿಂದ ಚಹಾ ಇಸಿದುಕೊಂಡು ಬಸಿಗೆ ಸುರಿದರು. "ನನ್ನ ಕೇಳಬ್ಯಾಡ್ರಿ" ಎಂದರು. "ಅಕೀನ ಕೇಳ್ರಿ."

ಕಾಕೂ ಚೀಲಗಳನ್ನು ಕೆಳಗಿಟ್ಟರು.

"ಮದುವಿ ಆದಾಗಿಂದ ಚಿಗಳ್ಳಿಗೆ ಹೋಗಬೇಕಂದ್ರ ನಾ ಒಬ್ಬಾಕೀನ ಬಸ್ ಸ್ಟ್ಯಾಂಡಿನಾಗ ನಿಂತೇನ್ರಿ. ಕೂಸು ಬಗಲಾಗ, ಚೀಲ ಕೈಯಾಗ. ಈ ಗಾಡ್ಯಾಗ ಹೋದ ಸಲ ಸೊಂಟ ಹಿಡಕೊಂಡು ಇಳದೆ, ನಮ್ಮ ವೈನಿ, ಅಣ್ಣನ ಹೆಂಡ್ತಿ, ಬಾಗಲದಾಗ ನಿಂತು ನಕ್ಕಳು. ಇವತ್ತೂ ನಿಂತಿದ್ಲು. ನಾ ಸೀದಾ ಇಳದು ಒಳಗ ಹೋದೆ. ಇವ್ರು ನನ್ನ ಚೀಲ ಹಿಡಕೊಂಡು ಹಿಂದಿಂದ ಬಂದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. "ಗಾಡಿ ಮಾರಾಕಿಲ್ರಿ."

ಮಾಲೀಕರು ಏನು ಹೇಳಿದರೋ ನನಗೆ ನೆನಪಿಲ್ಲ. ನಾನು ಪೈಲ್ವಾನರ ಮುಖ ನೋಡುತ್ತಿದ್ದೆ, ಅವರು ಬಸಿಯೊಳಗೆ ನೋಡುತ್ತಿದ್ದರು. ಕಾಕೂ ಚೀಲಗಳನ್ನು ಎತ್ತಿ ಕಾರಿನೊಳಗಿಟ್ಟು, ಮತ್ತೆ ಹತ್ತಿ ಕೂತು ಬಾಗಿಲು ಹಾಕಿಕೊಂಡರು. ಪೈಲ್ವಾನರು ಬಸಿ ಹಿಡಿದು ನಿಂತೇ ಇದ್ದರು. ಒಂದು ನಿಮಿಷ ಕಾಯ್ದು ನೋಡಿ, ಕಾಕೂ ಪಕ್ಕದ ಸೀಟಿನಿಂದ ಕೈ ಚಾಚಿ ಜೋರಾಗಿ ಹಾರ್ನ್ ಒತ್ತಿದರು.